ಕಮರಿಗೆ ಮೂರನೆಯವರು

ಹನ್ನೊಂದು ವರ್ಷದಿಂದ ನಾನು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ನದಿ ಬಂಡೆ ಕೊರೆದು ಆಳವಾದ ಕಮರಿ ಮಾಡುವುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಕಣ್ಣಾರೆ ಒಂದನ್ನೂ ಕಂಡಿಲ್ಲ. ಮಕ್ಕಳಿಗೆ ಇದು ಗೊತ್ತಿಲ್ಲ, ನನಗೆ ಗೊತ್ತಿದೆ, ಅದೇ ಸಂಕಟ. ಕೊನೆಗೆ ಈ ಬೇಸಿಗೆ ರಜೆಗೆ ಹಿಮಾಚಲದ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಐದು ದಿನದ ಕಮರಿ ನಡಿಗೆ ಗೊತ್ತು ಮಾಡಿಕೊಂಡೆ. ಗೈಡ್ ಫೋನಿನಲ್ಲಿ ಖಡಾಖಡಿ ಹೇಳಿದ: ಮೂವರಿಗಿಂತ ಕಡಿಮೆಯಾದರೆ ಕರೆದೊಯ್ಯುವುದಿಲ್ಲ, ಅವರವರ ಬುತ್ತಿ ಅವರವರೇ ಹೊರಬೇಕು, ಸೋಮವಾರದೊಳಗೆ ಹೆಸರು ಕಳಿಸಬೇಕು.

ಸ್ಟಾಫ್ ರೂಮಿನಲ್ಲಿ ಹೂಂ ಎಂದಿದ್ದವರೆಲ್ಲ ಫಾರ್ಮು ತುಂಬುವ ಹೊತ್ತಿಗೆ ನಾಪತ್ತೆ. ಉಳಿದವಳು ಹುಮನಾಬಾದಿನ ಜಗದೇವಿ ಅತ್ತೆ ಒಬ್ಬಳೇ. ಅಪ್ಪನ ಅಕ್ಕ, ಐವತ್ತೆಂಟು ವರ್ಷ. ಮೊಬೈಲಿನಲ್ಲಿ ಕಮರಿಯ ಚಿತ್ರ ತೋರಿಸಿದಾಗ ಅವಳು ಕೇಳಿದ್ದು ಒಂದೇ ಮಾತು.

"ಇಷ್ಟ ಆಳ ಯಾರ ತೋಡ್ಯಾರ?"

ನೀರು ಎಂದೆ. ಅವಳು ನಂಬಲಿಲ್ಲ. ನಮ್ಮ ಅಜ್ಜ ಬಾವಿ ತೋಡುವವನು. ಕರಿಬಂಡೆ ಹತ್ತಿದರೆ ಅವನೂ ಹಾರೆ ಕೆಳಗಿಡುತ್ತಿದ್ದ. ಅಂಥ ಬಂಡೆಯನ್ನು ನೀರು ಹೇಗೆ ಕೊರೆಯುತ್ತದೆ, ಹೋಗಿ ನೋಡೇ ಬರುತ್ತೇನೆ ಎಂದು ಹಟ ಹಿಡಿದಳು.

ಏನೇನು ಕಟ್ಟಿಕೊಂಡಿದ್ದಾಳೆಂದು ನೋಡಿದರೆ ಒಂದು ಚಾದರ, ಒಂದು ಸೀರೆ, ಕುಂಕುಮದ ಡಬ್ಬಿ. ಊಟಕ್ಕೇನು ಎಂದರೆ, ದಾರಿಯಲ್ಲಿ ಕೊಡುತ್ತಾರಲ್ಲ ಎಂದಳು. ಇಪ್ಪತ್ತು ವರ್ಷದಿಂದ ಸೀಗಿ ಹುಣ್ಣಿಮೆಗೆ ಬರಿಗಾಲಲ್ಲಿ ತುಳಜಾಪುರದ ದೇವಿಯ ದರ್ಶನಕ್ಕೆ ನಡೆಯುತ್ತ ಬಂದವಳು. ಆ ದಾರಿಯುದ್ದಕ್ಕೂ ಜನ ನಿಂತು ನಡೆಯುವವರಿಗೆ ಚಹಾ, ಬಾಳೆಹಣ್ಣು, ಉಪ್ಪಿಟ್ಟು ಕೊಡುತ್ತಾರೆ. ಬುತ್ತಿ ಕಟ್ಟಿಕೊಂಡು ಹೋದರೆ ಕೊಡುವವರಿಗೆ ಬೇಜಾರು. ತಲೆ ಕೆಟ್ಟು ಉದ್ಯಾನದ ನಕ್ಷೆ ಬಿಚ್ಚಿದೆ. ಅತ್ತೆ ಆ ತುದಿಯಿಂದ ಈ ತುದಿಗೆ ಬೆರಳಾಡಿಸಿ, ಒಂದು ಮನೆಯೂ ಇಲ್ಲವೇ ಎಂದು ಬೆರಗಾದಳು.

ಭಾನುವಾರ ಪರೀಕ್ಷೆ ಇಟ್ಟೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ನಡಿಗೆ. ಬೆನ್ನಿಗೆ ರೊಟ್ಟಿ, ಶೇಂಗಾ ಹಿಂಡಿ, ನೀರು. ದಾರಿಯಲ್ಲಿ ಯಾರಿಂದಲೂ ಏನೂ ತೆಗೆದುಕೊಳ್ಳಬಾರದು. ಮೂರನೆಯವರು ಸಿಗುವರೆಂಬ ಆಸೆ ಅಷ್ಟೇನೂ ಉಳಿದಿರಲಿಲ್ಲ. ಆದರೂ ನಡೆದೆವು.

ರಾಜೇಶ್ವರದಲ್ಲಿ ರಸ್ತೆ ಬದಿಯ ಪಂಕ್ಚರ್ ಅಂಗಡಿಯಿಂದ ಅನ್ವರಿ ಎಂಬ ಹೆಣ್ಣುಮಗಳು ಚೆಂಬು ಹಿಡಿದು ಎದ್ದು ಬಂದರು. ಪ್ರತಿ ವರ್ಷ ಸೀಗಿ ಹುಣ್ಣಿಮೆಗೆ ಅತ್ತೆಗೆ ನೀರು ಕೊಡುವವರು ಅವರೇ; ಅತ್ತೆಗೆ ಅವರು ಆಪಾ, ಅಂದರೆ ಅಕ್ಕ. ಅತ್ತೆ ಕೈ ಚಾಚಿ, ನನ್ನ ಮುಖ ನೋಡಿ, ಕೈ ಹಿಂದೆಗೆದಳು.

"ಇವತ್ತ ಬ್ಯಾಡ್ರಿ, ಆಪಾ."

ಅವರ ಮುಖ ಸಣ್ಣದಾಯಿತು. ನಿಯಮ ನನ್ನದು, ನಾಚಿಕೆಯೂ ನನ್ನದೇ ಆಯಿತು. ಅತ್ತೆ ಅವಸರದಲ್ಲಿ ಎಲ್ಲ ಬಿಡಿಸಿ ಹೇಳಿದಳು, ಮೂವರು ಬೇಕು, ನಾವು ಇಬ್ಬರೇ ಎಂಬುದನ್ನೂ. ಅನ್ವರಿ ಒಂದಾದ ಮೇಲೊಂದು ಕೇಳತೊಡಗಿದರು: ಅಷ್ಟು ಆಳಕ್ಕೆ ಬಿಸಿಲು ಇಳಿಯುತ್ತದೆಯೇ, ಮಲಗುವುದೆಲ್ಲಿ, ನದಿಯ ಸದ್ದಿಗೆ ನಿದ್ದೆ ಬರುತ್ತದೆಯೇ.

"ಅಲ್ಲಿ ನೀರ ಕೊಡಾವ್ರು ಯಾರೂ ಕುಂತಿರಲ್ಲೇನು?"

ಇಲ್ಲವೆಂದಳು ಅತ್ತೆ. ಅನ್ವರಿ ಚೆಂಬನ್ನೇ ನೋಡುತ್ತ ನಿಂತರು.

"ಇಪ್ಪತ್ತ ವರ್ಷ ಆತು, ಹೋಗೋರಿಗೆಲ್ಲ ನೀರ ಕೊಡಾಕತ್ತೀನಿ. ನೀನೂ ಬಾ ಅಂತ ಒಬ್ಬರೂ ಅಂದಿಲ್ರಿ."

ಅತ್ತೆ ತಲೆ ತಗ್ಗಿಸಿದಳು. ಅಷ್ಟು ವರ್ಷ ಅವರ ಕೈಯ ನೀರು ಕುಡಿದವಳು ಅವಳೇ. ಆಮೇಲೆ ಮೆಲ್ಲಗೆ ಚೆಂಬು ತೆಗೆದುಕೊಂಡು ಕಟ್ಟೆಯ ಮೇಲಿಟ್ಟಳು.

"ಚಪ್ಪಲ ಹಾಕ್ಕೋರಿ. ಕಲ್ಯಾಣ ತನಾ ನಡದ ನೋಡೂಣು."

ಒಳಗೆ ಟ್ಯೂಬು ತಿಕ್ಕುತ್ತಿದ್ದ ಅನ್ವರಿಯ ಗಂಡ ಬಂದೇನವಾಜ್, ಸಂಜೆ ಬಸ್ಸಿಗೆ ವಾಪಸ್ ಬಾ ಎಂದಷ್ಟೇ ಹೇಳಿದರು.

ಊರು ದಾಟಿ ಒಂದು ಗಂಟೆಯಾದ ಮೇಲೆ ಅನ್ವರಿಯ ನಡಿಗೆ ನಿಧಾನವಾಯಿತು. ಅತ್ತೆ ಬೇವಿನ ನೆರಳಲ್ಲಿ ನಿಂತು, ತನ್ನ ಬಾಟಲಿಯ ಮುಚ್ಚಳ ತೆಗೆದು ಅವರಿಗೆ ಕೊಟ್ಟಳು. ಯಾರಿಂದಲೂ ಏನೂ ತೆಗೆದುಕೊಳ್ಳಬಾರದೆಂಬ ನಿಯಮವನ್ನು ನಾನು ನೆನಪಿಸಲಿಲ್ಲ. ಅನ್ವರಿ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಕುಡಿದರು.