ಅಫಜಲಪುರದ ಮಾರುತಿಗಳು

"ಅವ್ವಾ, ಸ್ವಲ್ಪ ಗಡಬಡ ಓದಬೇ! ಒಂದೊಂದು ಚೀಟಿಗೂ ಅವರ ಮನಿ ಪುರಾಣ ಹೇಳ್ಕೊಂತ ಕುಂತ್ರ ದೀಪಾವಳಿ ಅಲ್ಲ, ಯುಗಾದಿಗೂ ಮುಗಿಯಂಗಿಲ್ಲ."

"ಓದಾಕತ್ತೇನಲ್ಲ? ಮಾರುತಿ, ಮಣ್ಣೂರ. ಇವನ ಹೆಂಡ್ತಿ ಭಾಳ ಛಲೋ ಹೆಣಮಗಳು, ಪಾಪ, ಮೊನ್ನೆ ಎಮ್ಮಿ ಒದ್ದು..."

"ನಂಬರ್ ಹೇಳು, ನಂಬರ್!"

ಪ್ರಮಿಲಾ ಕಂಪ್ಯೂಟರಿನ ಕೀಲಿಗಳನ್ನು ಒತ್ತುತ್ತಿರಲಿಲ್ಲ, ಕುಟ್ಟುತ್ತಿದ್ದಳು. ಅವ್ವ ಗುರುಬಾಯಿಗೆ ಅದೇನೂ ನಾಟಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು ಸಾವಕಾಶ ನಂಬರ್ ಹೇಳಿದಳು.

ತೊಂಬತ್ತೇಳನೇ ಇಸವಿಯ ಮಾತು. ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರು ಪ್ರಮಿಲಾಳ ಅಪ್ಪ ಹಣಮಂತರಾಯರ ಚಾಳೀಸಿನ, ಅಂದರೆ ಕನ್ನಡಕದ, ಅಂಗಡಿ. ಕಣ್ಣಿನ ಡಾಕ್ಟರು ಗುಲ್ಬರ್ಗಾದಿಂದ ಸಂತೆಯ ದಿನ ಮಾತ್ರ ಬಂದು ನಂಬರ್ ಬರೆದುಕೊಟ್ಟು ಹೋಗುತ್ತಿದ್ದರು. ಅದನ್ನು ಅಪ್ಪ ಚೀಟಿಗೆ ಇಳಿಸಿ ಗೋಡೆಯ ಗೂಡಿನಲ್ಲಿ ತುರುಕುತ್ತಿದ್ದರು. ಚಾಳೀಸು ಒಡೆದವರು ಬಂದು ಊರು, ಹೆಸರು ಹೇಳಿದರೆ ಸಾಕು, ಚೀಟಿ ಹುಡುಕಿ ಅದೇ ನಂಬರಿನ ಕಾಚು ಹಾಕಿಕೊಡುವುದು. ಆ ವರ್ಷ ಗೂಡಿಗೆ ಗೆದ್ದಲು ಹತ್ತಿತ್ತು.

ಗುಲ್ಬರ್ಗಾದಲ್ಲಿ ಕಂಪ್ಯೂಟರ್ ಕಲಿತು ಬಂದ ಪ್ರಮಿಲಾ ಹಟ ಹಿಡಿದು ಒಂದು ಹಳೇ ಮಶೀನು ತರಿಸಿದಳು. ಅಪ್ಪ ತರಿಸಿಕೊಟ್ಟರು, ಆದರೆ ಷರತ್ತು ಹಾಕಿದರು. "ದೀಪಾವಳಿ ಪಾಡ್ಯದ ದಿನ ಇದು ನಡೀತು ಅಂದ್ರ ಗಲ್ಲಾದ ಮುಂದ ನೀ ಕುಂದ್ರು. ನಡೀಲಿಲ್ಲೋ, ಮಶೀನ್ ವಾಪಸ್. ಅಂದೋಲಾದವರಿಗೆ ಹೆಣ್ಣು ನೋಡಾಕ ಬರ್ರಿ ಅಂತ ಹೇಳಿ ಕಳಸ್ತೇನಿ."

ಅಂದೋಲಾದ ವರನನ್ನು ಪ್ರಮಿಲಾ ನೋಡಿರಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಗಲ್ಲಾದ ಮುಂದಿನ ಆ ಕುರ್ಚಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ಕೆಲಸದ ಕ್ರಮವನ್ನು ದೊಡ್ಡದಾಗಿ ಬರೆದು ಮೊಳೆಗೆ ಹಾಕಿದಳು. ಮೊದಲು ಊರವಾರು ಚೀಟಿ ಬೇರೆ ಮಾಡುವುದು. ಆಮೇಲೆ ಅವ್ವ ಓದುವುದು, ತಾನು ಮಶೀನಿಗೆ ಹಾಕುವುದು. ಆಮೇಲೆ ಎರಡನ್ನೂ ತಾಳೆ ನೋಡುವುದು. ತಾಳೆ ಮುಗಿಯುವ ತನಕ ಚೀಟಿ ಯಾರೂ ಮುಟ್ಟಬಾರದು. ಅಪ್ಪ ಬಂದವರೇ ಅದೇ ಮೊಳೆಗೆ ತಮ್ಮ ಕೋಟು ನೇತುಹಾಕಿದರು. ದಿನಾ ತೆಗೆಯುವವಳು ಇವಳು, ದಿನಾ ಹಾಕುವವರು ಅವರು.

ಓದುವ ಕೆಲಸ ಅವ್ವನಿಗೇ ಬಿದ್ದಿದ್ದಕ್ಕೂ ಕಾರಣವಿತ್ತು. ಅಪ್ಪನ ಅಕ್ಷರ ಅಪ್ಪನಿಗೇ ತಿಳಿಯುತ್ತಿರಲಿಲ್ಲ, ಅವ್ವನಿಗೆ ತಿಳಿಯುತ್ತಿತ್ತು. ಆದರೆ ಕರೆಂಟ್ ಹೋದರೆ ಆಕೆಗೆ ಖುಷಿಯೋ ಖುಷಿ, ಚಹಾಕ್ಕೆ ಎದ್ದೇಬಿಡುವಳು. ಬಂದು ಕೂತರೆ ಮತ್ತೆ ಅದೇ, ಮಾರುತಿ, ಅತನೂರ. ಮಾರುತಿ, ಮಣ್ಣೂರ. ಈ ತಾಲೂಕಿನವರಿಗೆ ಬೇರೆ ಹೆಸರೇ ಸಿಗಲಿಲ್ಲವೇನೋ ಎಂದು ಗೊಣಗುತ್ತಲೇ ಪ್ರಮಿಲಾ ಎಲ್ಲವನ್ನೂ ಹಾಕಿ ಮುಗಿಸಿದಳು.

ತಾಳೆ ನೋಡಲು ಕೂರಬೇಕೆಂದು ಮರುದಿನ ಬಂದು ನೋಡುತ್ತಾಳೆ, ಗೂಡು ಖಾಲಿ! ಖಾಲಿಯಷ್ಟೇ ಅಲ್ಲ, ಬೆಳ್ಳಗೆ ಸುಣ್ಣ ಹೊಡೆದಿದೆ.

"ಅಪ್ಪಾ! ಚೀಟಿ ಎಲ್ಲಿ?"

"ಹಬ್ಬಕ್ಕ ಸುಣ್ಣ ಹೊಡಿಸೋದು ಬ್ಯಾಡೇನು? ಮಶೀನಿನ್ಯಾಗ ಎಲ್ಲಾ ಹೋಗ್ಯದಲ್ಲ, ಮತ್ತ ಆ ಕಸ ಯಾಕ? ದಶರಥನ ಭಜಿ ಗಾಡಿಗೆ ಕೊಟ್ಟೆ."

"ತಾಳೆ ನೋಡೋದಿತ್ತು ಅಪ್ಪಾ! ಗ್ವಾಡಿಗೆ ಬರದು ಹಾಕೀನಿ!"

"ಎಲ್ಲಿ ಬರದೀ?" ಎಂದರು ಅಪ್ಪ, ಕೋಟಿನ ಕಡೆ ನೋಡುತ್ತ.

ಪ್ರಮಿಲಾ ಚಪ್ಪಲಿಯೂ ಹಾಕಿಕೊಳ್ಳದೆ ರಸ್ತೆ ದಾಟಿ ಓಡಿದಳು. ದಶರಥ ತಲೆ ಕೆರೆದುಕೊಂಡ. ಚೆನ್ನಾಗಿದ್ದವುಗಳಲ್ಲಿ ಭಜಿ ಕಟ್ಟಿಕೊಟ್ಟಾಗಿತ್ತು, ಗೆದ್ದಲು ತಿಂದದ್ದೆಲ್ಲ ಒಲೆ ಸೇರಿತ್ತು, ಒಂದೂ ಉಳಿದಿರಲಿಲ್ಲ. ಅಲ್ಲೇ ನಿಂತು ಅಳಬೇಕು ಅನ್ನಿಸಿತು ಅವಳಿಗೆ.

ಪಾಡ್ಯ ಬಂತು. ಮಶೀನಿಗೆ ವಿಭೂತಿ ಬಳಿದು, ಹೂವು ಹಾಕಿ, ಊದಿನಕಡ್ಡಿ ಬೆಳಗಿದ್ದಾಯಿತು. ಅಷ್ಟರಲ್ಲಿ ಒಡೆದ ಚಾಳೀಸು ಕೈಯಲ್ಲಿ ಹಿಡಿದು, ಗೋಡೆ ತಡವುತ್ತ ಅತನೂರಿನ ಮಾಸ್ತರರು ಒಳಗೆ ಬಂದರು.

"ಬರ್ರಿ ಬರ್ರಿ," ಎಂದರು ಅಪ್ಪ. "ಪ್ರಮಿಲಾ, ತಗಿ. ನನ್ನ ಹೆಸರಿನವರು, ಹಣಮಂತರಾಯ, ಅತನೂರ."

ಪ್ರಮಿಲಾ ಹುಡುಕಿದಳು. ಇಲ್ಲ. ಹಣಮಂತ ಎಂದು ಹುಡುಕಿದಳು. ಅತನೂರಿನಲ್ಲಷ್ಟೇ ಅಲ್ಲ, ಇಡೀ ತಾಲೂಕಿನಲ್ಲಿ ಹಣಮಂತ ಎನ್ನುವ ಒಬ್ಬ ಮನುಷ್ಯ ಇಲ್ಲ!

"ಪೂಜಾ ಮಾಡಿಸ್ಕೊಂಡು ಕುಂತದ, ಒಂದು ಹೆಸರು ಕೊಡವಲ್ದು," ಎಂದರು ಅಪ್ಪ. "ಸಾಕು ಬಿಡವಾ. ನಿನ್ನ ಆಟ ನೋಡಿದ್ವಿ. ನಾಳೆ ಅಂದೋಲಾಕ ಮಂದಿ ಕಳಸ್ತೇನಿ."

ಒಳಬಾಗಿಲಲ್ಲಿ ನಿಂತಿದ್ದ ಗುರುಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದಳು.

"ಮಶೀನಿಂದು ತಪ್ಪಿಲ್ರಿ. ಹುಡುಗೀದೂ ಇಲ್ಲ. ನಾನೇ ಮಾರುತಿ ಅಂತ ಓದೇನಿ."

"ಯಾಕ?"

"ಯಾಕಂದ್ರ? ನಿಮ್ಮ ಹೆಸರು ನಾ ಹೆಂಗ ಬಾಯಿಲೆ ಅನ್ಲಿ?"

ಪ್ರಮಿಲಾ ಹಣೆ ಬಡಿದುಕೊಂಡಳು. ಹುಟ್ಟಿದಾಗಿನಿಂದ ಕೇಳುತ್ತಿದ್ದಾಳಲ್ಲ! ಹಣಮಂದೇವರ ಗುಡಿ ಎಂದು ಅವ್ವ ಒಂದು ದಿನವೂ ಅಂದವಳಲ್ಲ, ಮಾರುತಿ ಗುಡಿ ಅನ್ನುವಳು. ಗಂಡನ ಹೆಸರು ಕೇಳಿದರೆ ಮಗಳ ಕಡೆ ಕೈ ಮಾಡುವಳು. ಇಷ್ಟು ಗೊತ್ತಿದ್ದೂ ಅವಳನ್ನೇ ಓದಲು ಕೂರಿಸಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ಆದ್ರ ಖರೇ ಮಾರುತಿಗಳೂ ಅದಾರಲ್ಲಬೇ ಅದರಾಗ! ಯಾರು ಯಾರಂತ ಈಗ ಹೆಂಗ ತಿಳೀಬೇಕು?"

"ನನಗ ಗೊತ್ತದ. ಎಲ್ಲಾರ ಮನಿ ಸುದ್ದಿ ಹೇಳಿಲ್ಲೇನು ನಿನಗ? ನೀ ಕೇಳಬೇಕಲ್ಲ." ಗುರುಬಾಯಿ ಮಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ಗಂಡನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ, ಉಸಿರು ಎಳೆದು ಅಂದೇಬಿಟ್ಟಳು. "ಹಾಕು. ಅತನೂರಿನ ಮಾಸ್ತರು. ಹಣಮಂತರಾಯ."

ಅಪ್ಪನ ಕಿವಿ ಕೆಂಪಗಾದವು. ಮದುವೆಯಾದಾಗಿನಿಂದ ಆ ಬಾಯಲ್ಲಿ ಆ ಹೆಸರು ಅವರು ಕೇಳಿಯೇ ಇರಲಿಲ್ಲ.

ಪ್ರಮಿಲಾ ಅತನೂರಿನ ಮಾರುತಿಗಳನ್ನೆಲ್ಲ ಪರದೆಗೆ ತಂದಳು, ಓದಿದ ಕ್ರಮ ನೆನೆಸಿಕೊಂಡು ಅವ್ವ ಮಾಸ್ತರರ ನಂಬರಿನ ಮೇಲೆ ಬೆರಳಿಟ್ಟಳು. ಪೆಟ್ಟಿಗೆಯಿಂದ ಅದೇ ನಂಬರಿನ ಕಾಚು ತೆಗೆದು ಕಣ್ಣಿಗೆ ಹಿಡಿದಾಗ ಮಾಸ್ತರರು ಗೋಡೆಯ ಮೇಲಿನದನ್ನೆಲ್ಲ ಓದುತ್ತ ಬಂದರು. ಕೋಟಿನ ತೋಳಿನ ಕೆಳಗೆ ಇಣುಕುತ್ತಿದ್ದ ಕ್ಯಾಲೆಂಡರಿನ ಸಾಲನ್ನೂ ಬಿಡಲಿಲ್ಲ. "ಚೀಟಿ ಯಾರೂ ಮುಟ್ಟಬಾರದು."

ಹಣಮಂತರಾಯರು ಎದ್ದರು. ಮೊಳೆಯಿಂದ ಕೋಟು ತೆಗೆದರು. ಉಡಿಯಲ್ಲಿದ್ದ ಗಲ್ಲಾದ ಕೀಲಿಯನ್ನು ಮಗಳ ಮುಂದಿಟ್ಟು, "ನಾ ಚಹಾ ಕುಡದು ಬರ್ತೇನಿ," ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

"ಹಣಮಂತ, ಮಣ್ಣೂರ!" ಗುರುಬಾಯಿಯ ದನಿ ಏರುತ್ತಿತ್ತು. "ಹಣಮಂತಪ್ಪ, ಮಣ್ಣೂರ! ಹಣಮಂತರಾಯ..."

"ಅವ್ವಾ, ಸಾವಕಾಶ! ರಸ್ತಾಕ್ಕೆಲ್ಲ ಕೇಳ್ತದ."

"ಕೇಳ್ಲಿ," ಎಂದಳು ಗುರುಬಾಯಿ. "ನೀ ಹಾಕು."