ಏಡಿಬುಟ್ಟಿಯ ಪಾಚಿ

ಒಂದು ಬಾಟಲಿ ಕಂದು ನೀರಿಗೆ ಅರ್ಧ ದಿನದ ಸಂಬಳ ಕೇಳುವವನು ಕಳ್ಳನೋ, ಕೊಡುವವರು ಕತ್ತೆಗಳೋ? ಎರಡೂ ನಿಜವಿರಬಹುದೇ? ಅಥವಾ ಇದರಲ್ಲಿ ತನಗೆ ತಿಳಿಯದ್ದೇನಾದರೂ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ಅವನು ಹೆಚ್ಚು ಹೊತ್ತು ತಲೆಯಲ್ಲಿಟ್ಟುಕೊಳ್ಳಲಿಲ್ಲ. ಮಣ್ಣು, ಗೊಬ್ಬರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೂತವನಿಗೆ ತಿಳಿಯದ್ದು ಒಂದು ಪ್ಲಾಸ್ಟಿಕ್ ಬಾಟಲಿಯೊಳಗೆ ಏನಿದ್ದೀತು?

ಬಾಟಲಿ ಊಟದ ಮೇಜಿನ ಮೇಲಿತ್ತು. ಚೀಟಿಯಲ್ಲಿ ನೀಲಿ ಅಲೆ, ಹಸಿರು ಎಲೆ, 'ಶುದ್ಧ ಕಡಲಪಾಚಿ ಸಾವಯವ ಗೊಬ್ಬರ' ಎಂಬ ಬಂಗಾರದ ಅಕ್ಷರ. ಅದರ ಹಿಂದೆ ಭಾವಮೈದುನ, ಹೆಂಡತಿಯ ಒಬ್ಬನೇ ತಮ್ಮ, ಬಾಯ್ತುಂಬ ನಗುತ್ತ ಕೂತಿದ್ದ.

"ಭಾವ, ಒಂದು ಮುಚ್ಚಳ, ಒಂದು ಬಕೆಟ್ ನೀರು. ಅಷ್ಟೇ. ಹದಿನೈದೇ ದಿನ, ಗಿಡ ನಿಮ್ಮ ಜೊತೆ ಮಾತಾಡುತ್ತೆ ನೋಡಿ."

"ಮಾತಾಡಿದ್ರೆ ಪುಣ್ಯ ಕಣೋ," ಎಂದಳು ಹೆಂಡತಿ. "ಈ ಮನೇಲಿ ಮಾತಾಡೋಕೆ ಯಾರಾದ್ರೂ ಒಬ್ಬರು ಬೇಕು."

ಅಕ್ಕ ತಮ್ಮ ಇಬ್ಬರೂ ನಕ್ಕರು. ಅವನು ನಗಲಿಲ್ಲ. ಕಚೇರಿಯಲ್ಲೂ ಅವನಿಗೆ ಮೂಗಬಸವ ಎಂದೇ ಹೆಸರು.

ಈ ಅಕ್ಕ ತಮ್ಮ ಆರು ವರ್ಷ ಮಾತು ಬಿಟ್ಟಿದ್ದರು. ಅವಳು ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಮ್ಮ ಇಣುಕಿಯೂ ನೋಡಿರಲಿಲ್ಲ. ಈಗ ಪರದೆ ಬಟ್ಟೆಯ ಅಂಗಡಿ ಮುಚ್ಚಿ, ಗೊಬ್ಬರದ ಚೀಲ ಹೆಗಲಿಗೇರಿಸಿ ಮನೆಮನೆ ತಿರುಗುತ್ತ, ಒಂದು ಭಾನುವಾರ ತಾನಾಗಿಯೇ ಬಾಗಿಲು ತಟ್ಟಿದ್ದ. ಆಮೇಲೆ ಪ್ರತಿ ಭಾನುವಾರ ಬಂದ. ಅವಳು ಶನಿವಾರವೇ ತಾರಸಿ ಗುಡಿಸಿ, ನಲವತ್ತು ಕುಂಡಗಳ ಅಂಚು ಒರೆಸಿಡುತ್ತಿದ್ದಳು. ಟೊಮೇಟೊ, ಬದನೆ, ಗುಲಾಬಿ ಎಲ್ಲ ತಮ್ಮನಿಗೆ ಹಾಜರಿ ಕೊಡಲು ಸಾಲಾಗಿ ನಿಲ್ಲುತ್ತಿದ್ದವು. ಆರು ವರ್ಷ ಮೂಲೆಯಲ್ಲಿ ಕವುಚಿಟ್ಟಿದ್ದ ಮೂರನೇ ಕುರ್ಚಿ ಈಗ ನೇರವಾಗಿ ನಿಂತಿತ್ತು.

ಅವನು ಆ ನೀರನ್ನು ಔಷಧದ ಪುಟ್ಟ ಶೀಶೆಯಲ್ಲಿ ಕಚೇರಿಗೆ ಒಯ್ದು ಪರೀಕ್ಷಿಸಿದ. ಬೆಲ್ಲ, ಬಣ್ಣ, ನೀರು. ಗಿಡಕ್ಕೆ ಒಳ್ಳೆಯದನ್ನೂ ಮಾಡದು, ಕೆಟ್ಟದ್ದನ್ನೂ ಮಾಡದು. ಥೇಟ್ ಮಾರುವವನ ಹಾಗೇ, ಎಂದುಕೊಂಡ. ಪಾಪ, ಆ ಪೆದ್ದನಿಗೂ ಒಳಗೇನಿದೆ ಎಂದು ಗೊತ್ತಿರಲಿಕ್ಕಿಲ್ಲ. ಹೆಂಡತಿಗೆ ಹೇಳಬಹುದಿತ್ತು. ಆದರೆ ಹೇಳುವುದಕ್ಕಿಂತ ಹೇಳದೆ ಇಟ್ಟುಕೊಳ್ಳುವುದರಲ್ಲಿ ಅವನಿಗೆ ರುಚಿ ಹೆಚ್ಚು. ನಿಜವಾದ ಕಡಲಪಾಚಿಯನ್ನೇ ತಂದು, ಗಿಡ ಬೆಳೆಸಿ ತೋರಿಸಿದರೆ ಇವರ ಬಾಯಿ ತಾನಾಗಿಯೇ ಮುಚ್ಚುತ್ತದೆ.

ಅಂಗಡಿ ಅಂಗಡಿ ಸುತ್ತಿದ. ಒಂದು ಕಡೆ ಕುತ್ತಿಗೆಗೆ ಟೈ ಕಟ್ಟಿದವನೊಬ್ಬ, "ಇದು ಆಮದು ಮಾಲು ಸಾರ್, ತಣ್ಣನೆ ಸಮುದ್ರದ ಪಾಚಿ," ಎಂದ.

"ತಣ್ಣಗಿದ್ರೆ ಏನಾಗುತ್ತೆ?"

"ಸಾರ್, ಅದು... ತಣ್ಣಗಿರುತ್ತೆ."

ಪುಡಿಯ ಪೊಟ್ಟಣ ಇನ್ನೊಂದು ಕಡೆ ಅರ್ಧ ಬೆಲೆಗಿತ್ತು. ಅದೂ ಹಗಲು ದರೋಡೆಯೇ. ಕೊನೆಗೆ ಮಾರ್ಗ ಸಿಕ್ಕಿದ್ದು ಮೀನು ಮಾರುಕಟ್ಟೆಯಲ್ಲಿ. ಜೀವಂತ ಏಡಿಗಳನ್ನು ಒದ್ದೆ ಪಾಚಿಯ ನಡುವೆ ಇಟ್ಟು ಬುಟ್ಟಿಗಳಲ್ಲಿ ತರುತ್ತಿದ್ದರು. ಏಡಿ ಮಾರಾಟವಾದ ಮೇಲೆ ಪಾಚಿ ಗೋಡೆಯ ಬುಡದಲ್ಲಿ ರಾಶಿ ಬೀಳುತ್ತಿತ್ತು. ಬೆಲೆ ಸೊನ್ನೆ.

"ಏನ್ ಯಜಮಾನ್ರೇ," ಎಂದಳು ಏಡಿ ಮಾರುವವಳು, "ಮದುಮಗನ್ನ ಬಿಟ್ಟು ಹಾಸಿಗೆ ಹೊತ್ಕೊಂಡ್ ಹೋಗ್ತಿದೀರಾ?"

ಸುತ್ತಲಿನವರು ಗೊಳ್ಳೆಂದರು. ಅವನು ಚೀಲ ತುಂಬಿಕೊಂಡು ಬಂದ.

ಮೂರು ನೀರಲ್ಲಿ ತೊಳೆದು, ಹಿತ್ತಲ ಡ್ರಮ್ಮಿನಲ್ಲಿ ನೆನೆಹಾಕಿದ. ಮೂರು ವಾರಕ್ಕೆ ಅದರ ವಾಸನೆ ಅಡುಗೆಮನೆಯ ಕಿಟಕಿ ಹತ್ತಿತು.

"ರೀ, ಆ ಗಬ್ಬುನೀರನ್ನ ಬೇಲಿಗೆ ಸುರ್ಕೊಳ್ಳಿ. ನನ್ನ ಕುಂಡಗಳ ಹತ್ರ ತಂದೀರಾ, ಜೋಕೆ!"

ಅವನು ತಲೆಯಾಡಿಸಿದ. ಕಚೇರಿಯಿಂದ ಉಪ್ಪಿನ ಮೀಟರ್ ತಂದು ಅದ್ದಿ ನೋಡಿದ; ಗಿಡಕ್ಕೆ ಹಾನಿಯಾಗುವಷ್ಟು ಉಪ್ಪಿರಲಿಲ್ಲ. ಒಂದಕ್ಕೆ ಇಪ್ಪತ್ತರಷ್ಟು ನೀರು ಬೆರೆಸಿ, ಅವಳು ಏಳುವ ಮುಂಚೆ ತಾರಸಿಗೆ ಹೋಗಿ ಕುಂಡಕುಂಡಕ್ಕೂ ಹಾಕಿದ. ತಿಂಗಳೊಳಗೆ ಟೊಮೇಟೊ ಗಿಡ ಸೊಂಟದೆತ್ತರ ಬೆಳೆದು ಹೂ ಸುರಿಯಿತು. ಗುಲಾಬಿ ಗಿಡದ ಮೂರು ಕಡೆ ಕೆಂಪು ಚಿಗುರು.

ಭಾನುವಾರ ಅವಳು ತಮ್ಮನ ಕೈ ಹಿಡಿದು ಎಳೆದುಕೊಂಡೇ ಹೋದಳು. "ನೋಡೋ! ನಿನ್ನ ಬಾಟಲಿ ಮಹಿಮೆ! ವಾರಕ್ಕೆರಡು ಸಲ ತಪ್ಪದೆ ಹಾಕ್ತಿದೀನಿ."

"ನಾನ್ ಹೇಳ್ಲಿಲ್ವಾ ಅಕ್ಕ?" ತಮ್ಮನ ಕಣ್ಣು ತುಂಬಿಬಂತು. "ಎಷ್ಟೋ ಮನೆಯವರು ಬಾಗಿಲೇ ತೆಗೆಯಲ್ಲ. ನೀನು ನಂಬಿದೆ."

ಗೊರವಂಕ ಹಕ್ಕಿಗಳ ಹಾಗೆ ಇಬ್ಬರೂ ಕಿಚಪಿಚ ಎನ್ನುತ್ತಿದ್ದರು. ಅವನು ಮೆಟ್ಟಿಲ ಬಳಿ ನಿಂತು ನೋಡಿದ. ದುಡಿದದ್ದು ಎತ್ತು, ಹಾರ ಬಿದ್ದದ್ದು ಕತ್ತೆಗೆ. ಬೆಲ್ಲದ ನೀರಿಗೆ ಕಣ್ಣೀರು ಬೇರೆ! ಇರಲಿ, ಇನ್ನಷ್ಟು ಬೆಳೆಯಲಿ. ಬಾಟಲಿ ಖಾಲಿಯಾದ ಮೇಲೂ ಬೆಳೆಯುತ್ತಲೇ ಇದ್ದಾಗ ಬಾಯಿ ತೆರೆಯೋಣ.

ಮತ್ತೆ ಮಾರುಕಟ್ಟೆಗೆ ಹೋದ. ಏಡಿಯವಳು ಈ ಸಲ ನಗಲಿಲ್ಲ. ಚೀಲದ ಬಾಯಿಗೆ ಕೈ ಅಡ್ಡ ಇಟ್ಟಳು.

"ಇದು ಹೋದ ಸಲದ್ದಲ್ಲ ಯಜಮಾನ್ರೇ. ದೂರದ ಮಾಲು. ಇದಕ್ಕೆ ಅವರು..."

"ಪಾಚಿ ಪಾಚಿನೇ ಅಮ್ಮ," ಎಂದ. ಎರಡು ಪುಸ್ತಕ ಓದದವರು ಪಾಚಿಯ ಜಾತಿ ಹೇಳಿಕೊಡುವ ಕಾಲ ಬಂತಲ್ಲ ಎನ್ನಿಸಿ, ಚೀಲ ಹೊತ್ತು ನಡೆದ.

ಎರಡನೆಯ ಸಲ ಡ್ರಮ್ಮು ಹದಕ್ಕೆ ಬಂದ ಬೆಳಿಗ್ಗೆ ಮೀಟರ್ ಕಚೇರಿಯಲ್ಲೇ ಉಳಿದಿತ್ತು. ಅವನ ಕಚೇರಿಯಲ್ಲೊಂದು ಪದ್ಧತಿ ಇತ್ತು. ಒಂದೇ ಲಾರಿಯ ಹತ್ತು ಚೀಲ ಬಂದರೆ ಪರೀಕ್ಷೆ ಒಂದಕ್ಕೆ ಮಾತ್ರ. ಉಳಿದ ಒಂಬತ್ತಕ್ಕೆ ಅದೇ ಅಂಕಿ, ಅನುಮಾನ ಬರದಂತೆ ದಶಮಾಂಶ ಬಿಂದುವಿನಾಚೆ ಚೂರು ಹೆಚ್ಚುಕಮ್ಮಿ. "ಒಂದು ನೋಡು, ಒಂಬತ್ತು ಬರಿ," ಎಂದು ಹಿರಿಯರು ಅವನಿಗೆ ಮೊದಲ ದಿನವೇ ಕಲಿಸಿದ್ದರು. ಶುರುವಿನಲ್ಲಿ ಅವರನ್ನು ಕಂಡರೆ ಅವನಿಗೆ ಅಸಹ್ಯವಿತ್ತು. ಈಗ ಅವನ ಕೈ ಅವರದಕ್ಕಿಂತ ಚುರುಕು.

ಅದೇ ಡ್ರಮ್ಮು, ಅದೇ ಗೋಡೆ ಬುಡದ ಪಾಚಿ, ಅದೇ ಮೂರು ವಾರ. ಇನ್ನೇನು ನೋಡುವುದಿದೆ? ಭಾವಮೈದುನನ ಒದ್ದೆ ಕಣ್ಣು ನೆನಪಾಗಿ, ನೀರನ್ನು ಇಪ್ಪತ್ತರ ಬದಲು ಐದೇ ಪಾಲು ಬೆರೆಸಿದ. ನಲವತ್ತು ಕುಂಡಕ್ಕೂ ಸುರಿದ.

ಮೂರನೇ ದಿನ ಎಲೆಯಂಚು ಕಂದಿತು. ಐದನೇ ದಿನ ಟೊಮೇಟೊ ಬಿಸಿನೀರು ಎರಚಿದಂತೆ ಜೋತುಬಿತ್ತು. ಶನಿವಾರದ ಹೊತ್ತಿಗೆ ಮಣ್ಣಿನ ಮೇಲೆ ಬಿಳಿ ಪುಡಿ ಕೂತಿತ್ತು. ಅವಳು ಕಾಣುವ ಮುಂಚೆ ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿದ. ಉಪ್ಪು. ದೂರದ ದಾರಿಗೆ ಪಾಚಿ ಕೊಳೆಯದಿರಲೆಂದು ಉಪ್ಪು ಬೆರೆಸಿ ತುಂಬಿದ್ದರು. ಏಡಿಯವಳು ಹೇಳಹೊರಟದ್ದು ಅದನ್ನೇ.

ಭಾನುವಾರ ಭಾವಮೈದುನ ತಾರಸಿಗೆ ಕಾಲಿಟ್ಟವನು ಅಲ್ಲೇ ನಿಂತ. ಅವಳು ನೆಲದ ಮೇಲೆ ಕೂತು, ಕಿತ್ತ ಗುಲಾಬಿ ಗಿಡವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಏನ್ ಹಾಕಿದ್ದೀಯೋ ಅದರಲ್ಲಿ?"

"ಅಕ್ಕ, ನನಗೆ... ಕಂಪನಿಯವರು ಕೊಟ್ಟಿದ್ದು ಮಾರ್ತೀನಿ ಅಷ್ಟೇ."

"ಅಕ್ಕನ ಮನೇಲೂ ವ್ಯಾಪಾರ. ಅವತ್ತು ನಾನು ಸಾಯ್ತಾ ಮಲಗಿದ್ದಾಗ ಬರ್ಲಿಲ್ಲ. ಈಗ ಬಂದೆ, ವಿಷ ಹಿಡ್ಕೊಂಡು ಬಂದೆ."

ತಮ್ಮ ತಿರುಗಿ ಭಾವನ ಮುಖ ನೋಡಿದ. "ಭಾವ, ನೀವು ಓದಿದವರು. ಇದೇ ಕೆಲಸ ಮಾಡೋರು. ನೀವೇ ಹೇಳಿ, ನನ್ನ ಬಾಟಲಿಯಿಂದ ಹೀಗಾಗುತ್ತಾ?"

ಅವಳೂ ತಲೆಯೆತ್ತಿ ಗಂಡನನ್ನು ನೋಡಿದಳು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡಲು ಹೆಣಗುತ್ತಿದ್ದರು. ಅದು ಚಾಲೂ ಆಯಿತು, ದೂರವೂ ಹೋಯಿತು.

"ಪರೀಕ್ಷೆ ಮಾಡ್ದೆ ಹೇಗೆ ಹೇಳೋಕಾಗುತ್ತೆ," ಎಂದ ಅವನು.

ಭಾವಮೈದುನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದೂ ಇಲ್ಲ. ಅವಳು ಖಾಲಿ ಕುಂಡಗಳನ್ನು ಒಂದರೊಳಗೊಂದು ಇಟ್ಟಳು.

"ನಿಮಗೆ ಮೊದಲೇ ಅನುಮಾನ ಇತ್ತು, ಅಲ್ವಾ?" ಎಂದು ಒಮ್ಮೆ ಕೇಳಿದಳು. "ಅದಕ್ಕೇ ಅವನ ಜೊತೆ ನಗ್ತಾನೂ ಇರ್ಲಿಲ್ಲ ನೀವು."

ಅವನು ಹೂಂ ಎಂದ. ಬಾಟಲಿಯಲ್ಲಿದ್ದದ್ದು ಬರೀ ಬೆಲ್ಲದ ನೀರು, ಗಿಡಗಳನ್ನು ಕೊಂದದ್ದು ತನ್ನ ಡ್ರಮ್ಮಿನ ಉಪ್ಪು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.