ಟರ್ಕಿ ಮೊಟ್ಟೆಗೆ ಇಪ್ಪತ್ತೆಂಟು ದಿನ

ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ರವಿಚಂದ್ರ ಮಾವ ಒಂದು ಸಂಜೆ ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು ಬಂದವನೇ, ಮಡಿಲಲ್ಲಿಟ್ಟುಕೊಂಡು ತಂದಿದ್ದ ಪೇಂಟು ಬಕೆಟ್ಟನ್ನು ಅರ್ಪಿತಳ ಕೈಗೆ ಕೊಟ್ಟ. ಒಳಗೆ ತೌಡಿನಲ್ಲಿ ಹೂತ ಎಂಟು ಮೊಟ್ಟೆ. ನಾಟಿ ಕೋಳಿಯ ಮೊಟ್ಟೆಗಿಂತ ದಪ್ಪ, ಒಂದು ತುದಿ ಚೂಪು, ಮೈತುಂಬ ಕಂದು ಚುಕ್ಕೆ.

"ಟರ್ಕಿ ಕೋಳೀದು ಕಣಮ್ಮಿ. ನಮ್ ಓನರ್ ಮನೇಲಿ ಸಾಕವ್ರೆ. ನೀನು ಮರಿ ಮಾಡ್ಸೋದ್ರಲ್ಲಿ ಉಸಾರು ಅಂತ ಏಳಿ ಇಸ್ಕೊಂಡ್ ಬಂದೆ. ಇವು ನಿನ್ವೇ. ಇಪ್ಪತ್ತೆಂಟು ದಿನ ಬೇಕಂತೆ, ಗ್ಯಾನ ಇಟ್ಕೊ."

ಅರ್ಪಿತ ತಲೆಯಾಡಿಸಿದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿ ಉಳಿದು ನಾಲ್ಕು ವರ್ಷವಾಗಿತ್ತು. ಅಷ್ಟೂ ದಿನದಲ್ಲಿ 'ಇದು ನಿನ್ನದು' ಎಂದು ಅವಳ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಅವಳು ಒಂದೊಂದೇ ಮೊಟ್ಟೆ ತೆಗೆದು ಕೆನ್ನೆಗೆ ತಾಗಿಸಿ ನೋಡಿದಳು.

ಮನೆಯ ಕೆಂಪು ಕೋಳಿ ಆಗಲೇ ಕಾವಿಗೆ ಬಂದಿತ್ತು. ಅಜ್ಜಿ ಪಟ್ಟಲಮ್ಮ ಬಿದಿರಿನ ಮಂಕರಿಗೆ ಬೂದಿ ಸುರಿದು, ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಇದ್ದಿಲು, ಒಂದು ಮೊಳೆ ಇಟ್ಟಳು. ಮೊಟ್ಟೆಗಳನ್ನು ಜೋಡಿಸಿ ಎಣಿಸಿದಾಗ ಅವಳ ಮುಖ ಗಂಟಾಯಿತು.

"ಎಂಟಾ? ಜೋಡಿ ಲೆಕ್ಕ ಇಟ್ರೆ ಒಂದೂ ಮರಿ ಆಗಕಿಲ್ಲ ಕಣಮ್ಮಿ. ಬೆಸ ಇರ್ಬೇಕು."

ಎಂದವಳೇ ಒಳಗೆ ಹೋಗಿ, ರಾಗಿ ಡಬ್ಬದಲ್ಲಿದ್ದ ನಾಟಿ ಮೊಟ್ಟೆಯೊಂದನ್ನು ತಂದು ನಡುವೆ ತುರುಕಿ ಒಂಬತ್ತು ಮಾಡಿದಳು.

ಅರ್ಪಿತ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಟಿ ಮೊಟ್ಟೆಗೆ ಇಪ್ಪತ್ತೊಂದು ದಿನ, ಇವಕ್ಕೆ ಇಪ್ಪತ್ತೆಂಟು. ಏಳು ದಿನದ ಅಂತರ. ಬಾಯಿ ತೆರೆದಳು. ಆದರೆ ಅಜ್ಜಿ ಅರವತ್ತು ವರ್ಷದಿಂದ ಮರಿ ಮಾಡಿಸಿದವಳು, ಅವಳಿಗೆ ಹೇಳಿಕೊಡುವುದುಂಟೆ? ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಹತ್ತನೆಯ ದಿನ ಅವಳು ಕೋಣೆಯ ಬಾಗಿಲು ಹಾಕಿ, ಮೊಬೈಲಿನ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿದಳು. ಕೆಂಪು ನರಗಳ ನಡುವೆ ಹುರುಳಿಕಾಳಿನಷ್ಟು ಕಪ್ಪು ಮಿಸುಕಿತು. ಇನ್ನೊಂದು. ಮತ್ತೊಂದು. ಎಂಟರಲ್ಲೂ ಜೀವವಿತ್ತು! ಯಾರಿಗಾದರೂ ಕೂಗಿ ಹೇಳಬೇಕೆನಿಸಿತು. ಬದಲಿಗೆ ಕೋಳಿಗೆ ಒಂದು ಹಿಡಿ ನುಚ್ಚು ಹೆಚ್ಚಿಗೆ ಹಾಕಿದಳು.

ಇಪ್ಪತ್ತೊಂದನೆಯ ದಿನ, ಅವ್ವ ಗಾರ್ಮೆಂಟ್ಸಿನ ವ್ಯಾನು ಹತ್ತಿ ಹೋದ ಸ್ವಲ್ಪ ಹೊತ್ತಿಗೆ, ನಾಟಿ ಮೊಟ್ಟೆ ಒಡೆಯಿತು. ಹತ್ತಿ ಉಂಡೆಯಂಥ ಹಳದಿ ಮರಿ. ಅಜ್ಜಿಗೆ ಹಿಗ್ಗೋ ಹಿಗ್ಗು. "ನೋಡ್ದಾ? ಬೆಸ ಇಟ್ಟಿದ್ಕೇ ಆದದ್ದು!"

ಮಧ್ಯಾಹ್ನದ ಹೊತ್ತಿಗೆ ಮರಿಯ ಮೈ ಒಣಗಿತು. ಕೆಂಪು ಕೋಳಿ ಎದ್ದು ಮೈ ಕೊಡವಿ, 'ಕೊಕ್ ಕೊಕ್' ಎಂದು ಮರಿಯನ್ನು ಕರೆದುಕೊಂಡು ಮಂಕರಿಯಿಂದ ಇಳಿದೇಬಿಟ್ಟಿತು. ಅರ್ಪಿತ ಹಿಡಿದು ಕೂರಿಸಿದಳು. ಅದು ಎದ್ದಿತು. ಮತ್ತೆ ಕೂರಿಸಿದಳು, ಕೈ ಕುಕ್ಕಿ ಎದ್ದಿತು. ಮರಿಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟರೆ, ಅದರ ಚಿಲಿಪಿಲಿ ಕೇಳಿ ಕೋಳಿ ಹುಚ್ಚೆದ್ದಂತೆ ಮನೆಯೆಲ್ಲ ಹಾರಾಡಿ ಪಾತ್ರೆ ಉರುಳಿಸಿತು. ಅದರ ಪಾಲಿಗೆ ಕಾವು ಮುಗಿದಿತ್ತು. ಮಂಕರಿಯಲ್ಲಿ ಎಂಟು ಮೊಟ್ಟೆಗಳು ಆರತೊಡಗಿದವು.

ಪಟ್ಟಲಮ್ಮ ಮೊಟ್ಟೆ ಮುಟ್ಟಿ ನೋಡಿ, ಅಪರಾಧ ಮಾಡಿದವಳಂತೆ ಮೊಮ್ಮಗಳ ಕಡೆ ತಿರುಗಿದಳು. "ಅಯ್ಯೋ ಸಿವನೆ, ಏಳು ದಿನ ಐತಲ್ಲಮ್ಮಿ ಇನ್ನೂವೆ. ನಾನೇ ಕೆಡಿಸ್ಬುಟ್ನಾ?"

"ಅಜ್ಜಿ, ಕಾಲು ಮಡಚಿ ಕೂತ್ಕೊ."

"ಯಾಕಮ್ಮಿ?"

"ಕೂತ್ಕೊ ಅಂದೆ!"

ಅಜ್ಜಿ ಬಿಸಿಲಿನ ಜಗುಲಿಯ ಮೇಲೆ ಕೂತಳು. ಅರ್ಪಿತ ಹಳೆಯ ಸೀರೆಯಲ್ಲಿ ಎಂಟು ಮೊಟ್ಟೆ ಸುತ್ತಿ ಅಜ್ಜಿಯ ಮಡಿಲಿಗಿಟ್ಟು, ಮೇಲೆ ಕಂಬಳಿ ಹೊದಿಸಿದಳು. "ಅಲ್ಲಾಡ್ಬೇಡ. ನಾನು ಬಂದೆ."

"ಕಡೇಗಾಲಕ್ಕೆ ನನ್ನೇ ಕಾವಿಗೆ ಕೂರಿಸ್ಬುಟ್ಯಲ್ಲೇ!" ಎಂಬ ಮಾತು ಬೆನ್ನ ಹಿಂದೆ ಕೇಳಿಸುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಅದೇ ಬೀದಿಯ ಚಿಕ್ಕನಂಜಮ್ಮನ ಕರಿ ಕೋಳಿ ಕಾವಿಗೆ ಬಂದದ್ದನ್ನು ಅವಳು ಬಲ್ಲಳು. ನಿನ್ನೆ ನಲ್ಲಿಗೆ ಹೋದಾಗ, ಅದರ ಮೂಗಿಗೆ ಪುಕ್ಕ ಸಿಕ್ಕಿಸಿದ್ದನ್ನು ಕಂಡಿದ್ದಳು. ಕಾವು ಬಿಟ್ಟು ಬೇಗ ಮೊಟ್ಟೆಗೆ ಬರಲಿ ಎಂದು ಹಾಗೆ ಮಾಡುತ್ತಾರೆ. ಪುಕ್ಕಕ್ಕೂ ಬಗ್ಗದಿದ್ದರೆ ನೀರಿಗೆ ಅದ್ದುತ್ತಾರೆ. ಆದರೆ ಚಿಕ್ಕನಂಜಮ್ಮನ ಬಾಯಿ ಇಡೀ ಬೀದಿಗೆ ಗೊತ್ತು. ಅವಳಿದ್ದಾಳೆಂದರೆ ಕೊಡ ತುಂಬದಿದ್ದರೂ ನಲ್ಲಿಯಿಂದ ಹಿಂದಿರುಗುತ್ತಿದ್ದ ಹುಡುಗಿ ಅರ್ಪಿತ. ಇವತ್ತು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಹಿತ್ತಲಿನಲ್ಲಿ ಚಿಕ್ಕನಂಜಮ್ಮ ಕರಿ ಕೋಳಿಯ ರೆಕ್ಕೆ ಹಿಡಿದು ನೀರಿನ ಬಕೆಟ್ಟಿನ ಮೇಲೆ ಬಾಗಿದ್ದಳು. ಕೋಳಿಯ ಕಾಲು ಆಗಲೇ ನೀರಿನಲ್ಲಿತ್ತು.

"ಬ್ಯಾಡ! ನಂಜಕ್ಕ, ಅದ್ಬ್ಯಾಡಿ!"

ಚಿಕ್ಕನಂಜಮ್ಮ ಬೆಚ್ಚಿ ತಿರುಗಿದಳು. "ಯಾರಮ್ಮಿ ಅದು ಕಿರುಚ್ತಿರೋದು? ಪಟ್ಟಲಮ್ಮನ ಮೊಮ್ಮಗಳಾ? ನಿಂಗೆ ಬಾಯಿ ಐತಾ! ನಾನು ಮೂಗಿ ಅಂತ್ಲೇ ತಿಳ್ಕಂಡಿದ್ದೆ!"

"ಕೋಳಿ ಕೊಡಿ ಅಕ್ಕ. ಏಳು ದಿನ ಸಾಕು." ಉಸಿರು ಕಟ್ಟುತ್ತಿದ್ದರೂ ಅವಳು ಎಲ್ಲವನ್ನೂ ಹೇಳಿದಳು: ಟರ್ಕಿ ಮೊಟ್ಟೆ, ಅಜ್ಜಿಯ ಬೆಸ, ಇಳಿದುಹೋದ ಕೋಳಿ, ಆರುತ್ತಿರುವ ಎಂಟು ಜೀವ. ಅಷ್ಟು ಮಾತನ್ನು ಅವಳು ಹೊರಗಿನವರ ಎದುರು ಒಟ್ಟಿಗೆ ಆಡಿದ್ದೇ ಇಲ್ಲ.

"ಏಳು ದಿನ ಇದು ಕೂತ್ರೆ ನಂಗೇನ್ ಬತ್ತದೆ? ಆಗೋ ಮರೀಲಿ ಅರ್ಧ ಪಾಲು ಕೊಡು."

"ಅರ್ಧ ಆಗಕಿಲ್ಲ. ಇಪ್ಪತ್ತೊಂದು ದಿನ ನಮ್ಮ ಕೋಳಿ ಕೂತೈತೆ. ನಿಮ್ದು ಏಳೇ ದಿನ. ಎರಡು ಮರಿ ತಗೊಳಿ."

ಚಿಕ್ಕನಂಜಮ್ಮ ಸೊಂಟಕ್ಕೆ ಕೈಕೊಟ್ಟು ಅವಳನ್ನು ಮೇಲಿಂದ ಕೆಳಕ್ಕೆ ನೋಡಿ, ಬಿದ್ದು ಬಿದ್ದು ನಕ್ಕಳು. "ನೋಡ್ರಪ್ಪ ಇವ್ಳ ವ್ಯವಾರಾವ! ಆಯ್ತು, ಎರಡು. ಆದ್ರೆ ಕೋಳಿ ಇಲ್ಲಿಂದ ಕದಲಕಿಲ್ಲ. ಜಾಗ ಬದಲಾದ್ರೆ ಕೂರಕಿಲ್ಲ ಇದು. ಮೊಟ್ಟೇನೇ ತತ್ತಾ, ಓಡು!"

ಅಜ್ಜಿ ಕಂಬಳಿಯೊಳಗೆ ಬೆವರುತ್ತ, ಹೇಳಿದ ಹಾಗೇ ಅಲ್ಲಾಡದೆ ಕೂತಿದ್ದಳು. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಗಂಟನ್ನು ಎದೆಗವಚಿಕೊಂಡು ಅರ್ಪಿತ ಹಿಂತಿರುಗುವ ಹೊತ್ತಿಗೆ ಚಿಕ್ಕನಂಜಮ್ಮ ಕೋಳಿಯ ಮೂಗಿನ ಪುಕ್ಕ ಕಿತ್ತು, ಕಾಲು ಒರೆಸಿ, ಅದು ಬರಿದೇ ಕೂರುತ್ತಿದ್ದ ಮಂಕರಿಗೆ ಹೊಸ ಹುಲ್ಲು ಹಾಸಿದ್ದಳು. ಕರಿ ಕೋಳಿ ಚುಕ್ಕೆ ಮೊಟ್ಟೆಗಳನ್ನು ಓರೆಗಣ್ಣಲ್ಲಿ ನೋಡಿತು. ಒಂದನ್ನು ಕೊಕ್ಕಿನಿಂದ ಸರಿಸಿತು. ಆಮೇಲೆ ಅದು ರೆಕ್ಕೆಯಗಲಿಸಿ, ಎಂಟನ್ನೂ ಹೊಟ್ಟೆಯಡಿ ಸೇರಿಸಿಕೊಂಡು ಕೂತೇಬಿಟ್ಟಿತು.

ಏಳು ದಿನವೂ ಅರ್ಪಿತ ಅಲ್ಲಿಗೆ ಹೋದಳು. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಏನೂ ಆಗಲಿಲ್ಲ. ಮಧ್ಯಾಹ್ನವೂ ಇಲ್ಲ. "ಕಲ್ಲು ತಂದು ಇಟ್ಟಿದ್ದೀಯೇನಮ್ಮಿ?" ಎಂದಳು ಚಿಕ್ಕನಂಜಮ್ಮ. ಅರ್ಪಿತ ಒಂದು ಮೊಟ್ಟೆ ಎತ್ತಿ ಕಿವಿಗೆ ಹಿಡಿದಳು. ಒಳಗಿಂದ ಟಕ್, ಟಕ್ ಸದ್ದು. ಅದನ್ನು ಚಿಕ್ಕನಂಜಮ್ಮನ ಕಿವಿಗೂ ಹಿಡಿದಳು. ಬೀದಿಯನ್ನೇ ನಡುಗಿಸುವ ಹೆಂಗಸು ಇನ್ನೊಂದು ಮೊಟ್ಟೆಯನ್ನು ತಾನೇ ಎತ್ತಿ ಕಿವಿಗೆ ಹಿಡಿದಳು.

ಮರುದಿನ ಬೆಳಗಾಗುವಷ್ಟರಲ್ಲಿ ಆರು ಮರಿ ಹೊರಬಂದಿದ್ದವು. ಎರಡು ಒಡೆಯಲೇ ಇಲ್ಲ. ಮರಿಗಳಿಗೆ ಉದ್ದ ಕಾಲು, ಉದ್ದ ಕತ್ತು, ಮೈಮೇಲೆ ಕಂದು ಗೆರೆ. ಸುದ್ದಿ ಕೇಳಿ ಹಿತ್ತಲಿನಲ್ಲಿ ಹೆಂಗಸರು ಕೂಡಿದರು. ಆದರೆ ಅದರ ಮರುದಿನವೂ ಮರಿಗಳು ಏನೂ ತಿನ್ನಲಿಲ್ಲ. ಕರಿ ಕೋಳಿ ನುಚ್ಚು ಕುಕ್ಕಿ ತೋರಿಸಿ ಕರೆದರೂ, ಅವು ಆಕಾಶ ನೋಡುತ್ತ ನಿಂತವು.

"ಎಂಥಾ ಪೆದ್ದು ಮರಿಯಮ್ಮಿ ಇವು! ಅನ್ನದ ಮುಂದೆ ನಿಂತು ಸಾಯ್ತವೆ," ಎಂದಳು ಒಬ್ಬಳು.

ಅರ್ಪಿತ ಬೆಳಗಿನಿಂದ ಅವುಗಳನ್ನೇ ನೋಡುತ್ತ ಕೂತಿದ್ದಳು. ಅವು ನುಚ್ಚು ನೋಡುತ್ತಿರಲಿಲ್ಲ. ಗಾಳಿಗೆ ಅಲುಗುವ ಹುಲ್ಲಿನ ಕಡೆಗೆ ಕತ್ತು ಚಾಚುತ್ತಿದ್ದವು. ಹಸಿರು! ಅಲುಗುವ ಹಸಿರು! ಮನೆಗೆ ಓಡಿಹೋಗಿ ಮೊಟ್ಟೆ ಬೇಯಿಸಿ ಪುಡಿ ಮಾಡಿ, ಈರುಳ್ಳಿಯ ಹಸಿರು ಎಲೆ ಸಣ್ಣಗೆ ಹೆಚ್ಚಿ ಬೆರೆಸಿ ತಟ್ಟೆಯಲ್ಲಿ ತಂದಳು. ಮರಿಗಳ ಮುಂದೆ ಮಂಡಿಯೂರಿ, ಉಗುರಿನಿಂದ ತಟ್ಟೆ ಕುಟ್ಟುತ್ತ, ಎಲೆ ಚೂರನ್ನು ಕುಣಿಸುತ್ತ, "ಕೊಕ್ ಕೊಕ್ ಕೊಕ್" ಎಂದು ಗಟ್ಟಿಯಾಗಿ ಕೂಗಿದಳು.

"ಅಯ್ಯೋ, ಹೇಟೆ ಕೋಳಿ ಬಂತು, ತಾಯಿ ಕೋಳಿ!" ಎಂದು ಹೆಂಗಸರು ನಕ್ಕರು. ಅವಳಿಗದು ಕೇಳಿಸಲೇ ಇಲ್ಲ. ಕೂಗುತ್ತಲೇ ಇದ್ದಳು.

ಒಂದು ಮರಿ ಕತ್ತು ಕೊಂಕಿಸಿತು. ಬಂತು. ಉಗುರನ್ನು ಕುಕ್ಕಿತು. ಮತ್ತೆ ಕುಕ್ಕಿದಾಗ ಹಸಿರು ಚೂರು ಅದರ ಕೊಕ್ಕಿನಲ್ಲಿತ್ತು. ಅದನ್ನು ಕಂಡು ಇನ್ನೊಂದು ಓಡಿಬಂತು. ನೋಡನೋಡುತ್ತಿದ್ದಂತೆ ಆರೂ ತಟ್ಟೆಗೆ ಮುಗಿಬಿದ್ದು ಒಂದನ್ನೊಂದು ತುಳಿದಾಡಿದವು.

"ತಿಂದ್ವು! ತಿಂದ್ವು!" ಎಂದು ಚಿಕ್ಕನಂಜಮ್ಮ ಚಪ್ಪಾಳೆ ತಟ್ಟಿ ಬಗ್ಗಿದಳು. "ಲೇ ಅರ್ಪಿತ, ಇದ್ರಲ್ಲಿ ನನ್ನವೆರಡು ಯಾವು? ಈಗ್ಲೇ ತೋರ್ಸು."

"ಒಸಿ ಸುಮ್ನಿರಿ ನಂಜಕ್ಕ," ಎಂದಳು ಅರ್ಪಿತ, ತಟ್ಟೆಯಿಂದ ಕಣ್ಣು ತೆಗೆಯದೆ. "ಮೊದ್ಲು ಒಟ್ಟೆ ತುಂಬಾ ತಿನ್ಲಿ."